ಪಡಸಾಲೆಯ ದಫ್ತರ

ಮನೆಯಲ್ಲೇ ಕೂತು ಕಚೇರಿ ಕೆಲಸ ಮಾಡುವುದನ್ನು 2020ರ ಮಾರ್ಚ್ ತಿಂಗಳ ಲಾಕ್‌ಡೌನ್ ಕಲಿಸಿತು ಎಂಬ ಮಾತನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ಬೆಂಗಳೂರು, ಪುಣೆ, ಹುಬ್ಬಳ್ಳಿಗಳಿಂದ ಊರಿಗೆ ಮರಳಿದವರು ಉತ್ತರ ಕನ್ನಡದ ಹಳಿಯಾಳ, ಮುಂಡಗೋಡ ಸೀಮೆಯ ಅಜ್ಜನ ಕಾಲದ ಮನೆಗಳಲ್ಲಿ ‘ಆಫೀಸ್ ರೂಮ್’ ಮಾಡಿಸತೊಡಗಿದಾಗ ಅದೂ ಹೊಸ ಕಾಲದ ಹೊಸ ಬೇಡಿಕೆಯೆಂದೇ ಕಾಣಿಸಿತು. ಗೌಂಡಿಗೆ ಹೇಳುವ ಕೆಲಸವೂ ಸಾಮಾನ್ಯವಾಗಿ ಒಂದೇ ಬಗೆಯದು. ಹಿತ್ತಲ ಕಡೆಯ ಒಂದು ಕೋಣೆ ಆರಿಸಿ, ಮಣ್ಣಿನ ಗೋಡೆ ಕೆತ್ತಿ ಸಿಮೆಂಟಿನ ಗಿಲಾವು ಮಾಡು. ಹೆಂಚಿನ ಕೆಳಗೆ ಪಿಒಪಿ ಕಟ್ಟಿ ಎಸಿ ಕೂಡಿಸು. ಪಡಸಾಲೆಗೆ ಗ್ರಿಲ್ ಹಾಕು, ಅಲ್ಲಿ ಬೈಕು ನಿಲ್ಲಲಿ. ಈ ದುರಸ್ತಿಯಲ್ಲಿ ಸಾಮಗ್ರಿಯ ಆಯ್ಕೆ ಕೆಟ್ಟದ್ದು ಆಮೇಲಿನ ಮಾತು. ಮೊದಲು ಕೆಟ್ಟದ್ದು ಇತಿಹಾಸದ ಲೆಕ್ಕ. ಈ ಸೀಮೆಯ ದೊಡ್ಡ ಮನೆಗಳಲ್ಲಿ ಕಚೇರಿ ಶತಮಾನಗಳ ಕಾಲ ಇತ್ತು, ಅದಕ್ಕೆಂದೇ ಒಂದು ಜಾಗವೂ ಇತ್ತು. ಹೊರಗಿನ ಕಾರಣಗಳಿಂದ ಸುಮಾರು ನೂರು ವರ್ಷಗಳಲ್ಲಿ ಅದು ಮನೆಯಿಂದ ಎದ್ದುಹೋಯಿತು. ಹೋದದ್ದು ಏಕೆಂದು ತಿಳಿದರೆ, ಮರಳಿ ಬಂದಾಗ ಅದನ್ನು ಎಲ್ಲಿ ಕೂಡಿಸಬೇಕು ಎಂಬುದಕ್ಕೂ ಉತ್ತರ ಸಿಗುತ್ತದೆ. ನನ್ನ ಮಟ್ಟಿಗೆ ಆ ಉತ್ತರ ಪಡಸಾಲೆ.

ಮನೆಯ ನಕ್ಷೆಯಿಂದಲೇ ಶುರುಮಾಡೋಣ. ಅಂಗಳದಿಂದ ಎರಡು ಮೂರು ಮೆಟ್ಟಿಲು ಹತ್ತಿದರೆ ಕಟ್ಟೆ, ಅದರ ಹಿಂದೆ ಮರದ ಕಂಬಗಳ ಸಾಲಿನ ಪಡಸಾಲೆ, ಅದರಾಚೆ ತಲೆಬಾಗಿಲು, ನಡುಮನೆ. ಮೂರು ಕಡೆ ದಪ್ಪ ಮಣ್ಣಿನ ಗೋಡೆ, ಮುಂದೆ ಬಯಲು. ಗೋಡೆಯಲ್ಲಿ ದೀಪಕ್ಕೆ, ದೌತಿಗೆ, ಎಲೆ-ಅಡಿಕೆಯ ಚೀಲಕ್ಕೆ ಗೂಡುಗಳು. ತಲೆಯ ಮೇಲೆ ಕಟ್ಟು ಇಡುವುದಕ್ಕೆ ನಾಗಂದಿಗೆ. ಲೆಕ್ಕ ಬರೆಯುವವರು ಗೋಡೆಗೆ ಬೆನ್ನು ಕೊಟ್ಟು, ಗಾದಿಯ ಮೇಲೆ ಲೋಡಿಗೆ ಒರಗಿ, ಮುಂದೆ ಇಳಿಜಾರು ಮುಚ್ಚಳದ ಗಿಡ್ಡ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದರು. ಆ ಪೆಟ್ಟಿಗೆಯೇ ಮೇಜು, ಅದೇ ಕಪಾಟು, ಬೀಗ ಹಾಕಿದರೆ ತಿಜೋರಿಯೂ ಅದೇ. ಬಂದವರು ಕಟ್ಟೆಯ ಮೇಲೋ ಅಂಗಳದಲ್ಲೋ ನಿಂತು ತಮ್ಮ ಕೆಲಸ ಹೇಳಿ ಮುಗಿಸಿ ಹೋಗಬಹುದಿತ್ತು. ತಲೆಬಾಗಿಲು ದಾಟುವ ಪ್ರಸಂಗವೇ ಬರುತ್ತಿರಲಿಲ್ಲ. ವ್ಯವಹಾರ ಮನೆಯಲ್ಲೇ ನಡೆಯುತ್ತಿತ್ತು, ಸಂಸಾರದೊಳಗೆ ನುಗ್ಗುತ್ತಿರಲಿಲ್ಲ. ಇಂದಿನ ವಾಸ್ತುಶಿಲ್ಪಿಗಳು ಮನೆಗಚೇರಿಗೆ ಪ್ರತ್ಯೇಕ ಪ್ರವೇಶ ಇರಲಿ ಎಂದು ಸಲಹೆ ಕೊಟ್ಟು ಶುಲ್ಕ ಪಡೆಯುತ್ತಾರೆ. ಈ ಮನೆಗಳಲ್ಲಿ ಅದು ಮೊದಲೇ ಇದೆ, ಗ್ರಿಲ್ ಹಾಕಿ ಮುಚ್ಚದಿದ್ದರೆ.

ಆ ಪೆಟ್ಟಿಗೆಯ ಪಕ್ಕದಲ್ಲಿ ಇರುತ್ತಿದ್ದ ಒಂದು ವಸ್ತುವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದು ಕಡತ. ಕಾಗದ ಅಗ್ಗವಾಗುವ ಮೊದಲು ಕನ್ನಡ ನಾಡಿನ ವ್ಯಾಪಾರಿಗಳೂ ಶಾನುಭೋಗರೂ ಲೆಕ್ಕ ಇಟ್ಟದ್ದು ಇದರಲ್ಲೇ. ಹತ್ತಿಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬೆರೆಸಿ ಎರಡೂ ಬದಿಗೆ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಚಿ, ಎರಡು ತುದಿಗೂ ಮರದ ಹಲಗೆ ಕೂಡಿಸಿದರೆ ಕಡತ ಸಿದ್ಧ. ಬರೆಯುವುದು ಬಳಪದಲ್ಲಿ. 1810ರಲ್ಲಿ ಮೈಸೂರಿನ ಇತಿಹಾಸದ ಮೊದಲ ಸಂಪುಟ ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಈ ವಸ್ತುವನ್ನು ಬೆರಗಿನಿಂದ ವರ್ಣಿಸಿದ್ದಾನೆ. ಅವನು ಕೊಡುವ ಅಳತೆ ಅಗಲ 8 ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರೆದದ್ದು ಅಳಿಯುತ್ತದೆ, ಒರೆಸದಿದ್ದರೆ ತಲೆಮಾರು ನಿಲ್ಲುತ್ತದೆ. ಇಂಥ ವಸ್ತು ಒಂದು ಜಾಗವನ್ನು ಬೇಡುತ್ತದೆ. ಕರಿಯ ಬಟ್ಟೆಯ ಮೇಲೆ ಬಿಳಿ ಅಕ್ಷರ ಓದಲು ಹೇರಳ ಬೆಳಕು ಬೇಕು, ನೀರು ತಾಗಬಾರದು, ಹದಿನೈದು ಅಡಿ ಉದ್ದಕ್ಕೆ ಬಿಚ್ಚಿ ಹಾಸುವಷ್ಟು ನೆಲ ಬೇಕು. ಕತ್ತಲೆಯ ನಡುಮನೆಯಲ್ಲಿ ಇದು ಆಗದ ಕೆಲಸ, ಬಯಲಿನಲ್ಲೂ ಆಗದು. ಪಡಸಾಲೆಯ ಅಗಲ, ಎತ್ತರ, ಅದರ ಮುಂದೆ ಚಾಚಿದ ಮಾಡಿನ ಇಳಿಜಾರು ಎಲ್ಲವೂ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ.

ಇಂಥ ಮನೆಗಳಲ್ಲಿ ಇದ್ದ ಬರವಣಿಗೆಗೆ ರಾಜ್ಯದ ಮಟ್ಟದಲ್ಲಿ ಎಷ್ಟು ಬೆಲೆಯಿತ್ತು ಎಂಬುದಕ್ಕೆ ಥಾಮಸ್ ಮನ್ರೋ ಸಾಕ್ಷಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಜಿಲ್ಲೆಯ ಮೊದಲ ಕಲೆಕ್ಟರಾಗಿ ಬಂದ ಮನ್ರೋ, 1800ರ ಮೇ 31ರಂದು ಬರೆದ ವರದಿಯಲ್ಲಿ ಇಲ್ಲಿನ ಭೂಕಂದಾಯದ ದರವನ್ನು ವಿಜಯನಗರದ ಆರಂಭ ಕಾಲದವರೆಗೆ ಹಿಂಬಾಲಿಸುತ್ತಾನೆ. ಅದಕ್ಕೆ ಅವನಿಗೆ ಆಧಾರವಾದದ್ದು ಹಳ್ಳಿಯ ಲೆಕ್ಕಿಗರು ಕಾಪಾಡಿಕೊಂಡು ಬಂದಿದ್ದ ಹಳೆಯ ಲೆಕ್ಕಗಳು. ಆ ವರದಿ ಮುಖ್ಯವಾಗಿ ಕರಾವಳಿಯದ್ದು ಎಂಬುದು ನಿಜ. ಘಟ್ಟದ ಮೇಲಿನ ಹಳಿಯಾಳ, ಸೂಪಾ, ಮುಂಡಗೋಡಗಳು ಸೋದೆಯ ಅರಸರ ಕೈಯಿಂದ 1760ರ ದಶಕದಲ್ಲಿ ಹೈದರನಿಗೆ, ಅಲ್ಲಿಂದ ಟಿಪ್ಪುವಿಗೆ, ಕಡೆಗೆ ಕಂಪನಿಗೆ ದಾಟಿದ ಗಡಿಸೀಮೆ. ದೊರೆಗಳು ಇಷ್ಟು ಸಲ ಬದಲಾದ ಕಡೆ ಅರಮನೆಯ ಕಾಗದಪತ್ರ ಉಳಿಯುವುದು ಕಷ್ಟ, ಉಳಿದದ್ದು ಮನೆಗಳಲ್ಲಿ. ಮಹಾರಾಷ್ಟ್ರದಲ್ಲಿ ವಿ.ಕಾ. ರಾಜವಾಡೆ ಊರೂರು ಅಲೆದು ಇತಿಹಾಸದ ಸಾಧನಗಳನ್ನು ಕೂಡಿಹಾಕಿದ್ದೂ ಹಳೆಯ ಮನೆತನಗಳ ಅಟ್ಟಗಳಿಂದ, ರುಮಾಲಿನಲ್ಲಿ ಕಟ್ಟಿಟ್ಟ ದಫ್ತರಗಳಿಂದ. ಸರ್ಕಾರಿ ಭಂಡಾರಗಳಷ್ಟೇ ಇದ್ದಿದ್ದರೆ ಆ ಇತಿಹಾಸದ ಅರ್ಧಪಾಲು ಬರೆಯಲು ಬರುತ್ತಿರಲಿಲ್ಲ.

ಇದಕ್ಕೊಂದು ಆಕ್ಷೇಪ ಬರಬಹುದು. ಊರಿಗೆ ಚಾವಡಿ ಇತ್ತಲ್ಲ, ಕಚೇರಿ ಎಂದರೆ ಅದೇ ಅಲ್ಲವೇ? ಚಾವಡಿ ಇತ್ತು; ಅದರ ಕೆಲಸ ಬೇರೆ ಇತ್ತು. ಕಂದಾಯದ ವಸೂಲಿ, ನ್ಯಾಯ ಪಂಚಾಯ್ತಿ, ಪರಸ್ಥಳದ ಅಧಿಕಾರಿ ಬಂದರೆ ತಂಗುವುದು ಅಲ್ಲಿ. ಆದರೆ ದಿನದ ಲೆಕ್ಕ ಬರೆಯುವುದು, ಬರೆದದ್ದನ್ನು ಗೆದ್ದಲು-ಮಳೆ-ಕಳ್ಳರಿಂದ ಕಾಯುವುದು ದಿನವಿಡೀ ಜನ ಇರುವ ಮನೆಯಲ್ಲಿ ಮಾತ್ರ ಸಾಧ್ಯವಿತ್ತು. ಇನ್ನು, ಪಡಸಾಲೆಯ ದುಡಿಮೆ ಶಾನುಭೋಗರಿಗಷ್ಟೇ ಮೀಸಲಾಗಿರಲಿಲ್ಲ. ಅಕ್ಕಸಾಲಿಗರ ಅಗ್ಗಿಷ್ಟಿಕೆ, ದರ್ಜಿಯ ಯಂತ್ರ, ನಾಟಿ ವೈದ್ಯರ ಬೇರುನಾರಿನ ಗಂಟು, ಸಾಲ ಕೊಡುವ ಸಾಹುಕಾರರ ಖಾತೆವಹಿ, ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುವ ಗಾವಟಿ ಶಾಲೆ, ಇವೆಲ್ಲ ಮನೆಯ ಮುಂಭಾಗವನ್ನೇ ನೆಚ್ಚಿದ್ದ ಕಸುಬುಗಳು. ಮನೆ ಮತ್ತು ಕೆಲಸ ಎರಡು ಬೇರೆ ಕಟ್ಟಡಗಳಲ್ಲಿ ಇರಬೇಕೆಂಬ ವಿಚಾರ ಆಗ ಯಾರಿಗಾದರೂ ಹೇಳಿದ್ದರೆ ವಿಚಿತ್ರವಾಗಿ ಕೇಳಿಸುತ್ತಿತ್ತು.

ಹಾಗಾದರೆ ಕಚೇರಿ ಹೊರಬಿದ್ದದ್ದು ಹೇಗೆ? ಮೊದಲ ತಳ್ಳಿಕೆ ಕಾಡಿನ ಕಡೆಯಿಂದ ಬಂತು. ಕಾಳಿ ನದಿಯ ಎರಡೂ ದಂಡೆಯ ತೇಗ ಹಡಗು ಕಟ್ಟೆಗಳಿಗೆ, ಆಮೇಲೆ ರೈಲ್ವೆಗೆ ಬೇಕಾಯಿತು. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗಾರ್ನ್ 1861ರ ತನ್ನ ಪುಸ್ತಕದಲ್ಲಿ ಉತ್ತರ ಕೆನರಾದ ಕಾಡುಗಳಿಗೂ ಜಾಗ ಕೊಟ್ಟ. 1862ರಲ್ಲಿ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆಯ ಬಲದಿಂದ ಕಾಯ್ದಿಟ್ಟ ಅರಣ್ಯದ ಗಡಿಕಲ್ಲು ಊರಿನ ಬೇಲಿಯವರೆಗೆ ಬಂತು. ಕಾಡು ಕಡಿದು ಸುಟ್ಟು ಕುಮರಿ ಬೇಸಾಯ ಮಾಡುತ್ತಿದ್ದ ಕುಣಬಿಗಳಿಗೆ ಕಾಡೇ ಕೈತಪ್ಪಿತು. ಒಂದು ತೊಲೆ ತರಬೇಕಾದರೂ ಪಾಸು. ಪಾಸಿಗೆ ರೇಂಜರರ ಕಚೇರಿ. ಹರಾಜಿಗೆ ದಾಂಡೇಲಿಯ ಡಿಪೊ. ಅಳ್ನಾವರದಿಂದ ದಾಂಡೇಲಿಗೆ ರೈಲು ಹಳಿ ಬಂದದ್ದೂ ಮರಕ್ಕಾಗಿ. ಊರಿನ ಪಡಸಾಲೆಯಲ್ಲಿ ಮಾತಿನಲ್ಲಿ ಮುಗಿಯುತ್ತಿದ್ದ ವ್ಯವಹಾರ ಮೊಹರಿನ ಕಾಗದಕ್ಕೆ, ಮೈಲುಗಟ್ಟಲೆ ದೂರದ ಕೊಠಡಿಗೆ ಹೋಯಿತು. ಕಂದಾಯದ್ದೂ ಇದೇ ಕತೆ. ಮುಂಬೈ ಸರ್ಕಾರದ ಹೊಸ ಸರ್ವೆಯ ದರವನ್ನು ಜಮೀನುದಾರರು ಹೈಕೋರ್ಟಿನವರೆಗೆ ಒಯ್ದು, ‘ರೇಖೆ’ ಎಂಬ ಹಳೆಯ ಕಂದಾಯದ ದರ ಬದಲಿಸಬಾರದೆಂದು ವಾದಿಸಿ, 1875ರಲ್ಲಿ ಸೋತರು. ವೈಕುಂಠ ಬಾಪೂಜಿ ಮೊಕದ್ದಮೆ ಎಂದು ಹೆಸರಾದ ಆ ತೀರ್ಪಿನ ತಾತ್ಪರ್ಯ ಹಳ್ಳಿಗೆ ಅರ್ಥವಾದದ್ದು ಹೀಗಿರಬೇಕು: ಮನೆಯ ಕಡತದಲ್ಲಿ ಏನೇ ಇರಲಿ, ನಡೆಯುವುದು ಸರ್ವೆ ಕಚೇರಿಯ ಪಟ್ಟಿ. ಮಜಾ ಎಂದರೆ, ಇದನ್ನೆಲ್ಲ ಜಾರಿಗೆ ತಂದ ಸಾಹೇಬರುಗಳು ಮಾತ್ರ ತಮ್ಮ ಬಂಗಲೆಯ ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ಅರ್ಜಿ ಕೇಳುತ್ತಿದ್ದರು. ನಮ್ಮ ಮುಖ್ಯಮಂತ್ರಿಗಳ ‘ಗೃಹ ಕಚೇರಿ ಕೃಷ್ಣಾ’ ಇಂದಿಗೂ ಪತ್ರಿಕೆಗಳ ದಿನನಿತ್ಯದ ಮಾತು. ಅಧಿಕಾರ ಇದ್ದವರು ಮನೆಗಚೇರಿಯನ್ನು ಎಂದೂ ಬಿಡಲಿಲ್ಲ.

ಎರಡನೆಯ ತಳ್ಳಿಕೆ ಕಾರ್ಖಾನೆಯದು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1959ರಲ್ಲಿ ದಾಂಡೇಲಿಯಲ್ಲಿ ಬಿದಿರಿನಿಂದ ಕಾಗದ ತೆಗೆಯತೊಡಗಿತು. ಊರು ಪಾಳಿಯ ಲೆಕ್ಕದಲ್ಲಿ ಎದ್ದು ಮಲಗುವುದನ್ನು ಕಲಿಯಿತು. ಕಾಲೊನಿಯ ಕ್ವಾರ್ಟರ್ಸ್ ಮನೆಗಳಿಗೆ ಪಡಸಾಲೆಯ ಅಗತ್ಯವೇ ಇರಲಿಲ್ಲ. ಬಾಗಿಲು ತೆರೆದರೆ ಕೋಣೆ, ಕೋಣೆಯಾಚೆ ಅಡುಗೆ. ದುಡಿಯುವುದು ಗೇಟಿನ ಒಳಗೆ, ಉಣ್ಣುವುದು ಮಲಗುವುದು ಮನೆಯಲ್ಲಿ. ಕೆಲಸಕ್ಕೆ ಹೋಗುವುದೆಂದರೆ ಮನೆ ಬಿಟ್ಟು ಹೋಗುವುದು ಎಂಬ ತಿಳಿವಳಿಕೆ ಈ ಸೀಮೆಯಲ್ಲಿ ಗಟ್ಟಿಯಾದದ್ದು ಇಲ್ಲಿಂದ. ಸುತ್ತಲಿನ ಹಳ್ಳಿಗಳು ಹೊಸಮನೆ ಕಟ್ಟುವಾಗ ಅದೇ ಕ್ವಾರ್ಟರ್ಸನ್ನು ಮಾದರಿಯಾಗಿ ನೋಡಿದವು. ಮುಂಡಗೋಡದಲ್ಲಿ 1966ರಿಂದ ನೆಲೆಗೊಂಡ ಟಿಬೆಟನ್ ನಿರಾಶ್ರಿತರ ಕ್ಯಾಂಪುಗಳೂ ನಕ್ಷೆ ಬರೆದು ಕಟ್ಟಿದವೇ. ಅಲ್ಲಿಯೂ ಮನೆ ಒಂದು ಕಡೆ, ಸಹಕಾರ ಸಂಘ ಮತ್ತು ಕಚೇರಿ ಇನ್ನೊಂದು ಕಡೆ.

ಕಡೆಯ ತಳ್ಳಿಕೆ ಕಾನೂನಿನದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ನ್ಯಾಯವಾದದ್ದು. ಮೈಸೂರು ಗ್ರಾಮಾಧಿಕಾರ ರದ್ದತಿ ಕಾಯ್ದೆ 1961ರಲ್ಲಿ ಬಂದು 1963ರ ಫೆಬ್ರುವರಿ 1ರಿಂದ ಜಾರಿಯಾಯಿತು. ಪಟೇಲಿಕೆ, ಶಾನುಭೋಗಿಕೆಗಳ ವಂಶಪಾರಂಪರ್ಯ ಮುಗಿದು, ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಜೋಯಿಡಾದಲ್ಲಿ ಇದರ ಜತೆ ಇನ್ನೊಂದು ಘಟನೆ ಸೇರಿತು: ತಾಲ್ಲೂಕಿನ ಹಳೆಯ ಕೇಂದ್ರವಾದ ಸೂಪಾ 1980ರ ದಶಕದಲ್ಲಿ ಕಾಳಿ ಅಣೆಕಟ್ಟೆಯ ನೀರಿನಲ್ಲಿ ಮುಳುಗಿತು, ಜನ ರಾಮನಗರದಂಥ ಪುನರ್ವಸತಿ ಊರುಗಳಿಗೆ ಹೋದರು, ಕಚೇರಿಗಳು ಜೋಯಿಡಾಕ್ಕೆ ಬಂದವು. ಹಳೆಯ ಪಡಸಾಲೆಗಳು ನೀರಿನ ತಳದಲ್ಲಿ ಉಳಿದವು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ರಾಜ್ಯದ 177 ತಾಲ್ಲೂಕುಗಳ ಪಹಣಿಯನ್ನು ಗಣಕಕ್ಕೆ ಏರಿಸಿದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆಯೇ ಇಲ್ಲವಾಯಿತು. ಇಷ್ಟಾದರೂ ಮನೆಗಚೇರಿ ಪೂರ್ತಿ ನಿರ್ನಾಮವಾಗಲಿಲ್ಲ. ಹಳ್ಳಿಯ ಶಾಖಾ ಅಂಚೆ ಕಚೇರಿಯನ್ನು ನೋಡಿ. ಅಂಚೆಪಾಲಕರೇ ಜಾಗ ಒದಗಿಸಬೇಕು ಎಂಬುದು ಇಲಾಖೆಯ ನಿಯಮ, ಹಾಗಾಗಿ ಎಷ್ಟೋ ಊರುಗಳಲ್ಲಿ ಅದು ಇವತ್ತಿಗೂ ಯಾರದೋ ಮನೆಯ ಜಗಲಿಯಲ್ಲೇ ಇದೆ. ಗೋಡೆಗೆ ಕೆಂಪು ಡಬ್ಬಿ, ಒಳಗೆ ಮೊಹರು, ತಕ್ಕಡಿ, ಉಳಿತಾಯ ಖಾತೆಯ ಪುಸ್ತಕ. ಪಿಂಚಣಿ ಪಡೆಯಲು ಬಂದ ಅಜ್ಜಿ ಕಟ್ಟೆಯ ಮೇಲೆ ಕೂರುತ್ತಾಳೆ, ಒಳಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿರುತ್ತದೆ, ಎರಡಕ್ಕೂ ತೊಂದರೆಯಿಲ್ಲ.

ಈಗ ದೊಡ್ಡ ಆಕ್ಷೇಪಕ್ಕೆ ಬರಬೇಕು. ಪಡಸಾಲೆಯನ್ನು ಹೊಗಳುವುದೆಂದರೆ ಜಾತಿಯ ಮೆಟ್ಟಿಲುಗಳನ್ನು ಹೊಗಳಿದಂತೆ ಎಂದು ಯಾರಾದರೂ ಹೇಳಿದರೆ ಅದನ್ನು ತಳ್ಳಿಹಾಕಲು ಬರುವುದಿಲ್ಲ. ಪಡಸಾಲೆಯ ಮೇಲೆ ಯಾರು, ಕಟ್ಟೆಯ ಮೇಲೆ ಯಾರು, ಅಂಗಳದಲ್ಲಿ ಯಾರು, ಬೇಲಿಯಾಚೆ ಯಾರು ಎಂಬುದು ಹುಟ್ಟಿನಿಂದ ತೀರ್ಮಾನವಾಗುತ್ತಿತ್ತು. ಹಳಿಯಾಳ, ಮುಂಡಗೋಡದ ಸಿದ್ದಿಗಳು, ಜೋಯಿಡಾದ ಕುಣಬಿಗಳು, ದಲಿತ ಕೇರಿಯವರು ತಮ್ಮ ಹೆಸರಿನ ಸಾಲ ಎಷ್ಟು ಬರೆದಿದೆ ಎಂದು ಓದಿ ನೋಡುವ ಅವಕಾಶವೇ ಇಲ್ಲದೆ ಹೆಬ್ಬೆಟ್ಟು ಒತ್ತಿ ಹೋಗಬೇಕಿತ್ತು. ಲೆಕ್ಕ ಬರೆಯುವವರ ಮನೆಯಲ್ಲೇ ಲೆಕ್ಕ ಇರುವುದು ಎಷ್ಟು ಅಪಾಯ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ, ಅದೂ ಸರ್ಕಾರಿ ಕಚೇರಿಗಳ ಬಾಗಿಲು ಬಡಿದು. ಯಾರ ಪಡಸಾಲೆಯೂ ಅದನ್ನು ಕೊಡುತ್ತಿರಲಿಲ್ಲ. ಆದ್ದರಿಂದ ಊರಿನ ದಾಖಲೆ ಮನೆಯಿಂದ ಹೊರಗೆ ಹೋದದ್ದು ಸರಿ, ಅದು ಹೊರಗೇ ಇರಬೇಕು. ನಾನು ಹೇಳುತ್ತಿರುವುದು ಅಧಿಕಾರದ ಮರಳುವಿಕೆಯ ಮಾತಲ್ಲ. ಲ್ಯಾಪ್‌ಟಾಪ್ ಮುಂದೆ ಕೂತವರ ಕೈಯಲ್ಲಿ ಊರಿನವರ ಜಮೀನು ಇಲ್ಲ, ಸಾಲಪತ್ರ ಇಲ್ಲ. ಕೆಟ್ಟ ವ್ಯವಸ್ಥೆಯೊಂದು ಬಳಸಿಕೊಂಡ ಒಳ್ಳೆಯ ಜಾಗವನ್ನು ಆ ವ್ಯವಸ್ಥೆ ಹೋದಮೇಲೂ ಶಿಕ್ಷಿಸಬೇಕಿಲ್ಲ.

ಇದೇ ಮಾತಿನ ಇನ್ನೊಂದು ಮಗ್ಗುಲು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಪಡಸಾಲೆ ಗಂಡಸರ ಜಾಗವಾಗಿತ್ತು. ಅತಿಥಿ ಬಂದರೆ ಹೆಂಗಸರು ನಡುಮನೆಯ ಬಾಗಿಲ ಮರೆಯಿಂದ ಮಾತಾಡಬೇಕು. ಅವರ ದುಡಿಮೆಯ ಜಾಗ ಅಡುಗೆಮನೆ, ಹಿತ್ತಲು, ಕೊಟ್ಟಿಗೆ. ಇಂದು ಈ ಮನೆಗಳಲ್ಲಿ ಕೂತು ದೂರದ ಕಂಪನಿಗೆ ದುಡಿಯುವವರಲ್ಲಿ ಮಗಳೂ ಇದ್ದಾಳೆ, ಸೊಸೆಯೂ ಇದ್ದಾಳೆ. ಅವಳಿಗೆ ಹಿತ್ತಲ ಕಡೆಯ ಕೋಣೆ ಕೊಡಿಸುವಾಗ ‘ಗದ್ದಲ ಇರುವುದಿಲ್ಲ’ ಎಂಬ ಕಾರಣ ಹೇಳುತ್ತಾರೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಗದ್ದಲ ಇರುವುದಿಲ್ಲ ಎಂಬುದನ್ನು ಅಲ್ಲಿ ಕೂತು ನೋಡದವರಷ್ಟೇ ನಂಬಬಹುದು. ಕುಕ್ಕರಿನ ಸೀಟಿ ಕೇಳಿದರೆ ಏಳಬೇಕಾದವಳು ಅವಳೇ ಎಂಬ ನಿರೀಕ್ಷೆಯೂ ಆ ಕೋಣೆಯ ಜತೆಗೇ ಬರುತ್ತದೆ. ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಕೂತವಳು ಕೆಲಸದಲ್ಲಿದ್ದಾಳೆ ಎಂಬುದು ಮನೆಯವರಿಗೂ ಕಾಣುತ್ತದೆ, ದಾರಿಹೋಕರಿಗೂ ಕಾಣುತ್ತದೆ. ಹಿಂದೆ ಅದೇ ಜಾಗದಲ್ಲಿ ಕೂತವರ ಕೆಲಸಕ್ಕೆ ಬೆಲೆ ಬಂದದ್ದರಲ್ಲಿ ಹೀಗೆ ಕಾಣಿಸಿಕೊಂಡದ್ದರ ಪಾಲೂ ಇತ್ತು.

ಉಳಿದ ಆಕ್ಷೇಪಗಳು ಗೌಂಡಿ, ಬಡಗಿಗಳು ಬಗೆಹರಿಸಬಲ್ಲಂಥವು. ಮಳೆ ಎರಚಲು ಬರುತ್ತದೆ ಎಂಬುದು ನಿಜ. ಕ್ಯಾಸಲ್‌ರಾಕ್ ಕಡೆ ಸುರಿಯುವ ಮಳೆಗೂ ಹಳಿಯಾಳದ ಮಳೆಗೂ ಅಜಗಜಾಂತರ. ಮೊದಲು ಮಳೆಗಾಲಕ್ಕೆ ಸೋಗೆಯ ತಟ್ಟಿ ಕಟ್ಟಿ ಬೇಸಿಗೆಗೆ ಬಿಚ್ಚುತ್ತಿದ್ದರು. ಆ ಜಾಗಕ್ಕೆ ಮಡಚಿ ತೆರೆಯುವ ಮರದ ಚೌಕಟ್ಟಿನ ಗಾಜಿನ ಪರದೆ ಸಾಕು, ಇಟ್ಟಿಗೆಯ ಗೋಡೆ ಬೇಡ. ಲ್ಯಾಪ್‌ಟಾಪಿನ ಪರದೆಯ ಮೇಲೆ ಬೆಳಕು ಹೊಡೆಯುತ್ತದೆ ಎನ್ನುವವರು ಅಂಗಳಕ್ಕೆ ಬೆನ್ನನ್ನಾಗಲಿ ಮುಖವನ್ನಾಗಲಿ ಕೊಡದೆ ಮಗ್ಗುಲಾಗಿ ಕೂರಲಿ. ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಗಿಲಾವು ಹಪ್ಪಳ ಎದ್ದು ಬೀಳುತ್ತದೆ. ಸುಣ್ಣದ ಗಿಲಾವೇ ಅದಕ್ಕೆ ಹೊಂದುವುದು. ಹೆಂಚಿನ ಕೆಳಗೆ ಪಿಒಪಿ ಕಟ್ಟಿದರೆ ಬಿಸಿಗಾಳಿ ಹೊರಹೋಗುವ ದಾರಿ ಮುಚ್ಚುತ್ತದೆ, ಎಲ್ಲಿ ಸೋರುತ್ತಿದೆ ಎಂಬುದೂ ಕಾಣುವುದಿಲ್ಲ. ನಾಲ್ಕು ಗಾಜಿನ ಹೆಂಚು ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ವಿದ್ಯುತ್ ತಂತಿಗೆ ಗೋಡೆ ಕೊರೆಯಬೇಕಿಲ್ಲ, ತೊಲೆಯ ಮೇಲೆ ಕೊಳವೆಯಲ್ಲಿ ಎಳೆಯಬಹುದು. ಹಳೆಯ ತೇಗದ ಕಂಬ ಕಿತ್ತು ಬೇರೆಡೆ ಸಾಗಿಸುವ ಯೋಚನೆ ಇದ್ದರೆ ಅರಣ್ಯ ಇಲಾಖೆಯನ್ನು ಕೇಳದೆ ಗಾಡಿಗೆ ಹೇರಬೇಡಿ. ನೆಟ್‌ವರ್ಕಿನ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಜೋಯಿಡಾದ ಕಾಡಂಚಿನ ಹಳ್ಳಿಗಳಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿದ್ದನ್ನು ನಾಡೆಲ್ಲ ಓದಿತು. ಅಲ್ಲಿ ಪಡಸಾಲೆಯಾದರೇನು, ಹಿತ್ತಲಾದರೇನು, ಗೋಪುರ ನಿಲ್ಲಿಸುವವರೇ ಉತ್ತರ ಕೊಡಬೇಕು.

ದುರಸ್ತಿಗೆ ಹೊರಟ ಮನೆಯವರಲ್ಲಿ ಒಂದು ವಿನಂತಿ. ಕೆಲಸ ಶುರುವಾದ ಮೊದಲ ದಿನ ಅಟ್ಟದಿಂದ ಇಳಿಯುವ ಟ್ರಂಕಿನಲ್ಲಿ ಮಾಸಿದ ಬಟ್ಟೆಯ ಕಟ್ಟು, ಮೋಡಿ ಅಕ್ಷರದ ಕಾಗದ, ಕರಿಯ ಮಡಿಕೆಯ ಕಡತ ಸಿಕ್ಕರೆ ರದ್ದಿಗೆ ಹಾಕಬೇಡಿ, ಒದ್ದೆ ಬಟ್ಟೆಯಿಂದ ಒರೆಸಲೂ ಬೇಡಿ. ಬಳಪದ ಅಕ್ಷರ ಒಂದೇ ಒರೆತಕ್ಕೆ ಹೋಗುತ್ತದೆ. ಹಳಿಯಾಳದಿಂದ ಧಾರವಾಡ ಒಂದು ಗಂಟೆಯ ದಾರಿ. 1939ರಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆ ಅಲ್ಲಿನ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದೆ. ಟ್ರಂಕನ್ನು ಹಾಗೇ ಒಯ್ದು ತೋರಿಸಿ, ಆಮೇಲೆ ಗೌಂಡಿಯನ್ನು ಕರೆಯಿರಿ.